ಸೊಪ್ಪು ತರಕಾರಿ ಹುರಿಯುವುದು: ನೀರು ಬಿಡದ ಹಾಗೆ, ಹಸಿರು ಕೆಡದ ಹಾಗೆ

ಸೊಪ್ಪು ಸೇರಿಸಿ ತರಕಾರಿ ಹುರಿದಾಗ ಸಾಮಾನ್ಯವಾಗಿ ಆಗುವ ಯಡವಟ್ಟು ಒಂದೇ. ಬಾಣಲೆಯ ತಳದಲ್ಲಿ ಹಸಿರು ನೀರು ನಿಂತಿರುತ್ತದೆ, ಎಲೆ ಮುದ್ದೆಯಾಗಿರುತ್ತದೆ, ಕ್ಯಾರೆಟ್ ಮಾತ್ರ ಇನ್ನೂ ಹಸಿ. ಮಸಾಲೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಪಾಲಕ್ ಎಲೆಯ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ಆ ನೀರು ಹೊರಬಂದ ಹಾಗೇ ಆವಿಯಾಗಿ ಹೋದರೆ ಅದು ಹುರಿದದ್ದು, ತಳದಲ್ಲಿ ನಿಂತರೆ ಬೇಯಿಸಿದ್ದು. ನೀರು ನಿಂತಿರುವಷ್ಟು ಹೊತ್ತು ಅದರಲ್ಲಿ ಮುಳುಗಿದ ತರಕಾರಿಯ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಅಂಚು ಕೆಂಪಗಾಗಿ ಹುರಿದ ಘಮ ಬರಲು 140ರ ಆಸುಪಾಸು ಬೇಕು. ಕೆಳಗೆ ಹೇಳಿರುವ ಎಲ್ಲವೂ ಈ ನೀರಿನ ಲೆಕ್ಕಾಚಾರವೇ.

ಇಬ್ಬರಿಗೆ ಸಾಕಾಗುವ ಅಳತೆ ಇದು: ಸೊಪ್ಪು 250 ಗ್ರಾಂ, ಕ್ಯಾರೆಟ್ ಒಂದು, ಬೀನ್ಸ್ ಹತ್ತು ಹನ್ನೆರಡು, ದಪ್ಪ ಮೆಣಸಿನಕಾಯಿ ಒಂದು, ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕೈದು ಎಸಳು, ಶುಂಠಿ ಒಂದು ಇಂಚು, ಹಸಿಮೆಣಸಿನಕಾಯಿ ಒಂದೆರಡು, ಎಣ್ಣೆ ಒಂದು ದೊಡ್ಡ ಚಮಚ (15 ಮಿ.ಲೀ.), ಉಪ್ಪು ಅರ್ಧ ಸಣ್ಣ ಚಮಚ, ಅರ್ಧ ನಿಂಬೆಹಣ್ಣು. ಸೊಪ್ಪಿನ ರಾಶಿ ನೋಡಿ ಜಾಸ್ತಿಯಾಯಿತೇನೋ ಎಂದು ಹೆದರಬೇಡಿ. ಬಾಡಿದ ಮೇಲೆ ಒಂದು ಹಿಡಿಯಷ್ಟಾಗುತ್ತದೆ.

ತೊಳೆಯುವುದು, ಒಣಗಿಸುವುದು

ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ. ಅಗಲ ಪಾತ್ರೆಯ ತುಂಬ ನೀರು ಹಿಡಿದು ಸೊಪ್ಪನ್ನು ಮುಳುಗಿಸಿ ಅಲ್ಲಾಡಿಸಿ, ಒಂದೆರಡು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಆಮೇಲೆ ಸೊಪ್ಪನ್ನು ಕೈಯಲ್ಲಿ ಮೇಲಕ್ಕೆತ್ತಿ ತೆಗೆಯಿರಿ. ಪಾತ್ರೆಯನ್ನೇ ಜರಡಿಗೆ ಬಗ್ಗಿಸಿದರೆ ಕೆಳಗೆ ಕೂತ ಮರಳು ಮತ್ತೆ ಎಲೆಯ ಮೇಲೇ ಬೀಳುತ್ತದೆ. ತಳದಲ್ಲಿ ಕಣ ಕಾಣದಾಗುವವರೆಗೆ, ಎರಡು ಮೂರು ಸಲ, ಹೀಗೇ ಮಾಡಿ. ಹೆಚ್ಚುವುದು ತೊಳೆದ ನಂತರ. ಮೊದಲೇ ಹೆಚ್ಚಿ ತೊಳೆದರೆ ನೀರಿನಲ್ಲಿ ಕರಗುವ ವಿಟಮಿನ್ ಸಿ, ಫೋಲೇಟ್ ಕತ್ತರಿಸಿದ ಅಂಚಿನಿಂದ ತೊಳೆದು ಹೋಗುತ್ತವೆ.

ಈಗ ಒಣಗಿಸಬೇಕು. ಜರಡಿಯಲ್ಲಿ ಸೋರಲು ಬಿಟ್ಟರೆ ಸಾಲದು, ಎಲೆಯ ಮಡಿಕೆಗಳಲ್ಲಿ ನೀರು ಕೂತೇ ಇರುತ್ತದೆ. ಒಣ ಹತ್ತಿಬಟ್ಟೆಯ ಮೇಲೆ ಹರಡಿ, ಸಡಿಲವಾಗಿ ಸುತ್ತಿ, ಮೆಲ್ಲಗೆ ಒತ್ತಿ. ಎಲೆಯನ್ನು ಬೆರಳಿನಿಂದ ಸವರಿದಾಗ ಕೈ ಒದ್ದೆಯಾಗಬಾರದು.

ದಂಟು ಮತ್ತು ಎಲೆಯನ್ನು ಬೇರೆ ಬೇರೆ ಗುಡ್ಡೆ ಮಾಡಿ. ದಂಟನ್ನು ಸಣ್ಣಗೆ, ಎಲೆಯನ್ನು ಎರಡು ಬೆರಳಗಲಕ್ಕೆ ಹೆಚ್ಚಿ. ಕ್ಯಾರೆಟ್ ಸುಮಾರು 3 ಮಿ.ಮೀ. ದಪ್ಪದ ಕಡ್ಡಿಗಳಾಗಲಿ, ಬೀನ್ಸ್ ಓರೆಯಾಗಿ, ದಪ್ಪ ಮೆಣಸಿನಕಾಯಿ ಮತ್ತು ಈರುಳ್ಳಿ ಉದ್ದುದ್ದ ಸೀಳಾಗಿರಲಿ. ಬೆಳ್ಳುಳ್ಳಿಯನ್ನು ಜಜ್ಜಬೇಡಿ, ತೆಳ್ಳಗೆ ಬಿಲ್ಲೆ ಮಾಡಿ. ಜಜ್ಜಿದ್ದು ಜೋರು ಉರಿಯಲ್ಲಿ ನೋಡನೋಡುತ್ತ ಕರಿದಾಗಿ ಕಹಿ ಬಿಡುತ್ತದೆ.

ಒಲೆಯ ಮೇಲೆ ಐದು ನಿಮಿಷ

ಅಗಲವಾದ ಕಬ್ಬಿಣದ ಬಾಣಲೆ ಇದ್ದರೆ ಅದೇ ಒಳ್ಳೆಯದು. ಕಾವು ಹಿಡಿದಿಟ್ಟುಕೊಳ್ಳುತ್ತದೆ. ನಾನ್‌ಸ್ಟಿಕ್ ಆದರೆ ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದು, ಅತಿಯಾಗಿ ಕಾದರೆ ಲೇಪನ ಹಾಳಾಗಿ ಹೊಗೆ ಬಿಡುತ್ತದೆ. ಅದರಲ್ಲಿ ಎಣ್ಣೆ ಹಾಕಿಯೇ, ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿ ಹುರಿಯಿರಿ.

ಒಲೆ ಹಚ್ಚುವ ಮೊದಲು ಹೆಚ್ಚಿದ್ದೆಲ್ಲ ಕೈಗೆಟುಕುವಲ್ಲಿ ಇರಲಿ. ಒಂದು ಕಡೆ ಹುರಿಯುತ್ತ ಇನ್ನೊಂದು ಕಡೆ ಹೆಚ್ಚುವ ಅಡುಗೆ ಇದಲ್ಲ. ಕಬ್ಬಿಣದ ಬಾಣಲೆ ಕಾದಿದೆಯೇ ಎಂದು ನೋಡಲು ಒಂದು ಹನಿ ನೀರು ಚಿಮುಕಿಸಿ. ಹನಿ ಅಲ್ಲೇ ಚುರ್ರೆಂದು ಆರಿದರೆ ಇನ್ನೂ ಕಾಯಬೇಕು, ಮುತ್ತಿನಂತೆ ಉರುಳಾಡಿದರೆ ಸರಿ. ಆ ಹನಿಯೂ ಆರಿದ ಮೇಲೆ ಎಣ್ಣೆ ಹಾಕಿ ಬಾಣಲೆ ತಿರುಗಿಸಿ. ಕಡಲೆಕಾಯಿ ಅಥವಾ ಸೂರ್ಯಕಾಂತಿಯ ರಿಫೈನ್ಡ್ ಎಣ್ಣೆ ಈ ಕಾವು ತಡೆಯುತ್ತದೆ. ಎಣ್ಣೆ ದಟ್ಟವಾಗಿ ಹೊಗೆಯಾಡಿತೆಂದರೆ ಅದನ್ನು ಚೆಲ್ಲಿ ಹೊಸದಾಗಿ ಶುರುಮಾಡಿ.

ಮೊದಲು ಕ್ಯಾರೆಟ್, ಬೀನ್ಸ್. ಎರಡು ನಿಮಿಷ. ಹಾಕಿದ ಕೂಡಲೇ ಗರಗರ ತಿರುವಬೇಡಿ, ಒಂದು ಮಗ್ಗುಲು ಅಲ್ಲಲ್ಲಿ ಕಂದು ಚುಕ್ಕೆ ಏಳಲಿ, ಆಮೇಲೆ ಮಗುಚಿ. ನಂತರ ಈರುಳ್ಳಿ, ದಪ್ಪ ಮೆಣಸಿನಕಾಯಿ, ದಂಟು ಸೇರಿಸಿ ಒಂದೂವರೆ ನಿಮಿಷ. ತರಕಾರಿಯನ್ನು ಪಕ್ಕಕ್ಕೆ ಸರಿಸಿ, ನಡುವಿನ ಜಾಗಕ್ಕೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ ಇಪ್ಪತ್ತು ಸೆಕೆಂಡು ಬಾಡಿಸಿ. ಕೊನೆಗೆ ಉರಿ ಪೂರ್ತಿ ಏರಿಸಿ ಎಲೆಗಳನ್ನು ಎರಡು ಕಂತಿನಲ್ಲಿ ಹಾಕಿ, ಅಡಿಮೇಲು ಮಾಡುತ್ತಿರಿ. ಪಾಲಕ್‌ಗೆ ಮೂವತ್ತರಿಂದ ನಲವತ್ತು ಸೆಕೆಂಡು ಸಾಕು. ದಂಟಿನ ಸೊಪ್ಪಿಗೆ ಒಂದೂವರೆ ಎರಡು ನಿಮಿಷ ಬೇಕು. ನುಗ್ಗೆಸೊಪ್ಪಿಗೆ ಇನ್ನೂ ಹೆಚ್ಚು ಹೊತ್ತು. ಬಸಳೆಯದು ಬೇರೆಯೇ ಕತೆ: ಅದರ ಲೋಳೆ ಈ ವಿಧಾನಕ್ಕೆ ಒಗ್ಗುವುದಿಲ್ಲ, ಅದನ್ನು ಸಾರಿಗೆ ಇಟ್ಟುಕೊಳ್ಳುವುದೇ ವಾಸಿ. ಪಾಲಕ್ ಇನ್ನೂ ಅಲ್ಲಲ್ಲಿ ಸೆಟೆದು ನಿಂತಿದೆ ಎನ್ನುವಾಗಲೇ ಒಲೆ ಆರಿಸಿ. ಉಳಿದದ್ದನ್ನು ಬಾಣಲೆಯ ಕಾವು ನೋಡಿಕೊಳ್ಳುತ್ತದೆ.

ಇಷ್ಟೂ ಹೊತ್ತು ಕಿವಿ ಬಾಣಲೆಯ ಕಡೆಗಿರಲಿ. ಚಟಪಟ ಸದ್ದು ಕೇಳುತ್ತಿದ್ದರೆ ಹುರಿಯುತ್ತಿದೆ. ಸದ್ದು ಇಳಿದು ಗುಳುಗುಳು ಎಂದಿತೋ, ಕುದಿಯತೊಡಗಿದೆ. ಬಾಣಲೆ ತುಂಬಿಹೋದರೆ ಹೀಗಾಗುತ್ತದೆ. 28 ಸೆಂ.ಮೀ. ಅಗಲದ ಬಾಣಲೆಗೆ ಮೇಲೆ ಹೇಳಿದ ಅಳತೆಯೇ ಗರಿಷ್ಠ. ನಾಲ್ವರಿಗೆ ಬೇಕಾದರೆ ಎರಡು ಸಲ ಹುರಿಯಿರಿ.

ಮುಚ್ಚಳ ಮುಚ್ಚಲೇಬೇಡಿ. ಆವಿ ಮತ್ತೆ ನೀರಾಗಿ ಬೀಳುವುದಲ್ಲದೆ, ತರಕಾರಿಯಿಂದ ಹೊರಬೀಳುವ ಆಮ್ಲವೂ ಒಳಗೇ ಉಳಿಯುತ್ತದೆ. ಆಮ್ಲ ಮತ್ತು ಕಾವು ಸೇರಿದರೆ ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನಲ್ಲಿರುವ (ಕ್ಲೋರೊಫಿಲ್) ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಮಂಕು ಕಂದು-ಹಸಿರಿಗೆ ತಿರುಗುತ್ತದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು ಎನ್ನುವುದೂ ಇದಕ್ಕೇ. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವುದುಂಟು, ಬಣ್ಣವೇನೋ ನಿಲ್ಲುತ್ತದೆ, ಆದರೆ ಎಲೆ ಲೊಳಲೊಳ ಆಗಿ ಬಿ1, ಸಿ ವಿಟಮಿನ್‌ಗಳು ನಷ್ಟವಾಗುತ್ತವೆ.

ಉಪ್ಪು ನೀರನ್ನು ಹೊರಗೆಳೆಯುವುದರಿಂದ ಅದೂ ಕೊನೆಗೇ. ಎಲೆ ಬಾಡುವ ಮುಂಚೆ ರಾಶಿ ನೋಡಿ ಉಪ್ಪು ಹಾಕಿದವರ ಸೊಪ್ಪು ಉಪ್ಪುಪ್ಪಾಗದೆ ಇರುವುದಿಲ್ಲ. ಸೋಯಾ ಸಾಸ್ ಬಳಸುವುದಾದರೆ ಒಂದು ಸಣ್ಣ ಚಮಚ ಸಾಕು, ಅದರಲ್ಲೇ ಸುಮಾರು 300 ಮಿ.ಗ್ರಾಂ ಸೋಡಿಯಂ ಇರುವುದರಿಂದ ಉಪ್ಪನ್ನು ಅಷ್ಟಕ್ಕೆ ಕಡಿಮೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಸೋಡಿಯಂ ಮಿತಿ ದಿನಕ್ಕೆ 2,000 ಮಿ.ಗ್ರಾಂಗಿಂತ ಕಡಿಮೆ. ಆದರೆ ಎಣ್ಣೆಯನ್ನು ಪೂರ್ತಿ ಬಿಡುವುದು ಜಾಣತನವಲ್ಲ. ಸೊಪ್ಪು, ಕ್ಯಾರೆಟ್‌ಗಳ ಬೀಟಾ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಲು ಒಂದಿಷ್ಟು ಜಿಡ್ಡು ಬೇಕೇ ಬೇಕು.

ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಪಾಲಕ್, ದಂಟಿನ ಸೊಪ್ಪಿನ ಬಗ್ಗೆ ಜಾಗ್ರತೆ ವಹಿಸಬೇಕು. ಎರಡರಲ್ಲೂ ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಜಾಸ್ತಿ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಆ ನೀರು ಚೆಲ್ಲಿ, ಸೊಪ್ಪನ್ನು ಹಿಂಡಿ ಬಳಸಿದರೆ ಒಂದಷ್ಟು ತಗ್ಗುತ್ತದೆ. ಎಲೆಕೋಸಿನಲ್ಲಿ ಆಕ್ಸಲೇಟ್ ಕಡಿಮೆ, ಇದೇ ವಿಧಾನದಲ್ಲಿ ಚೆನ್ನಾಗಿಯೂ ಆಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಳಿಸಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧದ ಕೆಲಸಕ್ಕೆ ಅಡ್ಡ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ನೀರು ಬಿಟ್ಟರೆ ಬಾಣಲೆಯಲ್ಲೇ ಇಂಗಿಸಲು ಹೋಗಬೇಡಿ, ಅಷ್ಟರಲ್ಲಿ ಎಲೆ ಕೆಟ್ಟಿರುತ್ತದೆ. ಸೊಪ್ಪು ತರಕಾರಿಯನ್ನು ತಟ್ಟೆಗೆ ಎತ್ತಿಕೊಂಡು, ಉಳಿದ ನೀರನ್ನಷ್ಟೇ ಜೋರು ಉರಿಯಲ್ಲಿ ಎರಡು ಚಮಚಕ್ಕೆ ಇಳಿಸಿ ಮೇಲೆ ಸುರಿಯಿರಿ.