ಯಂತ್ರ ಸಾಲದೋ, ಹೊತ್ತು ತಪ್ಪಿತೋ?

ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕ್ಷಯರೋಗ ಕಾರ್ಯಕ್ರಮದ ಮೇಲ್ವಿಚಾರಕ ನಾನು. ನಮ್ಮ ಸಭೆಗಳಲ್ಲಿ ಎರಡು ಮಾತು ತಪ್ಪದೆ ಬರುತ್ತಿದ್ದವು: ಜನರಿಗೆ ತಿಳಿವಳಿಕೆ ಇಲ್ಲ; ಕಫದಲ್ಲಿ ಕ್ಷಯದ ರೋಗಾಣು ಇದೆಯೇ ಎಂದು ನೋಡುವ ಟ್ರೂನಾಟ್ ಯಂತ್ರ ಇನ್ನೊಂದು ಬೇಕು.

ಮೊದಲ ಮಾತಿಗೆ ಉತ್ತರ ಇದೇ ಜಿಲ್ಲೆಯಲ್ಲಿ ಎಂದೋ ಸಿಕ್ಕಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ರೋಗ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧ. ಆಪರೇಷನಲ್ ರಿಸರ್ಚ್, ಅಂದರೆ ನಡೆಯುತ್ತಿರುವ ಕಾರ್ಯಕ್ರಮ ಎಲ್ಲಿ ಎಡವುತ್ತಿದೆ ಎಂದು ಹುಡುಕಿ ಸರಿಪಡಿಸುವ ಅಧ್ಯಯನವನ್ನು, ದೊಡ್ಡ ಗಣಿತ ಅಂದುಕೊಂಡವರಿಗೆ ನಾನು ಈ ಕೆಲಸವನ್ನೇ ತೋರಿಸುತ್ತೇನೆ. ಜನ ಎಲ್ಲಿ ಕೈಬಿಟ್ಟು ಹೋಗುತ್ತಾರೆ ಎಂದು ಹುಡುಕುವಾಗ ಮೊದಲು ನಮ್ಮ ಮನೆಯೊಳಗೆ ಹುಡುಕಬೇಕು.

ಎರಡನೆಯ ಮಾತಿಗೆ ನಾವೇ ಲೆಕ್ಕಕ್ಕೆ ಕೂತೆವು. ಹೊಸ ನಮೂನೆ ಮಾಡಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಬರೆಯುವುದೇ ಬೆಟ್ಟದಷ್ಟಿದೆ. ಇದ್ದ ಲ್ಯಾಬ್ ರಿಜಿಸ್ಟರಿನ ಅಂಚಿನಲ್ಲಿ ಕಫ ಕೊಟ್ಟ ದಿನ, ಡಬ್ಬಿ ಲ್ಯಾಬಿಗೆ ಬಂದ ಗಂಟೆ, ಯಂತ್ರಕ್ಕೆ ಹಾಕಿದ ಗಂಟೆ, ಫಲಿತಾಂಶ ತಿಳಿಸಿದ ದಿನ, ಮಾತ್ರೆ ಶುರುವಾದ ದಿನ, ಇಷ್ಟನ್ನು ಗೆರೆ ಎಳೆದು ಬರೆಸಿದೆವು. ದಿನಾಂಕದ ಜೊತೆ ಗಂಟೆ ಬರೆಸಿದ್ದೇ ಕಣ್ಣು ತೆರೆಸಿತು. ಬೆಳಿಗ್ಗೆಯೆಲ್ಲ ಯಂತ್ರ ಖಾಲಿ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಉಪಕೇಂದ್ರಗಳ ಡಬ್ಬಿಗಳೂ ಒಟ್ಟಿಗೆ ಬಂದು ಬೀಳುತ್ತಿದ್ದವು. ನಮ್ಮದು ಒಮ್ಮೆಗೆ ಎರಡು ಸ್ಯಾಂಪಲ್ ತೆಗೆದುಕೊಳ್ಳುವ ಡ್ಯುಯೊ; ತಯಾರಿ ಸೇರಿದರೆ ಒಂದು ಸುತ್ತಿಗೆ ಗಂಟೆ ಮೀರುತ್ತದೆ. ಒಂದು ಗಂಟೆಗೆ ಬಂದ ರಾಶಿಯಲ್ಲಿ ಸಂಜೆಯೊಳಗೆ ಮುಗಿಯುವುದು ಬೆರಳೆಣಿಕೆಯಷ್ಟು, ಮಿಕ್ಕಿದ್ದು ನಾಳೆಗೆ. ಹಬ್ಬದ ಹಿಂದಿನ ದಿನದ ಹಿಟ್ಟಿನ ಗಿರಣಿಯಲ್ಲೂ ಇದೇ ಕಥೆ ತಾನೆ?

ಡಬ್ಬಿ ತರುವ ಹುಡುಗನ ದಾರಿಯನ್ನು ಎರಡು ಸುತ್ತು ಮಾಡಿದೆವು. ಹತ್ತಿರದ ಉಪಕೇಂದ್ರಗಳದ್ದು ಹತ್ತು ಗಂಟೆಯೊಳಗೆ, ದೂರದವು ಮಧ್ಯಾಹ್ನಕ್ಕೆ. ಕೂಲಿಗೆ ಹೋಗುವವರು ಬೆಳಗಾಗುತ್ತಲೇ ಹೊರಡುವುದರಿಂದ ಡಬ್ಬಿ ಹಿಂದಿನ ಸಂಜೆಯೇ ಅವರ ಮನೆ ಸೇರಬೇಕಾಯಿತು. ಎದ್ದ ಕೂಡಲೇ ತೆಗೆದ ಕಫ ಪರೀಕ್ಷೆಗೂ ಒಳ್ಳೆಯದು. ಆದರೆ ಎಲ್ಲ ಕಡೆ ಒಮ್ಮೆಲೇ ಬದಲಿಸಲಿಲ್ಲ. ಒಂದು ತ್ರೈಮಾಸಿಕದ ಮಟ್ಟಿಗೆ ಅರ್ಧ ಉಪಕೇಂದ್ರಗಳನ್ನು ಹಳೆಯ ಕ್ರಮದಲ್ಲೇ ಬಿಟ್ಟೆವು. ಇದಕ್ಕೆ ಮೇಲಿನವರನ್ನು ಒಪ್ಪಿಸುವುದೇ ಕಷ್ಟವಾಯಿತು. "ಒಳ್ಳೇದು ಅಂತ ಗೊತ್ತಿದ್ದ ಮೇಲೆ ಅವರಿಗ್ಯಾಕೆ ಕೊಡಲ್ಲ?" ಅಂದರು. ಗೊತ್ತಿಲ್ಲ ಸರ್, ಅದಕ್ಕೇ ನೋಡುತ್ತಿದ್ದೇವೆ ಎಂದೆ. ಹೋಲಿಸಲು ಏನೂ ಉಳಿಸಿಕೊಳ್ಳದಿದ್ದರೆ ಮಳೆಗಾಲ ಮುಗಿದದ್ದರಿಂದ ಸುಧಾರಿಸಿತೋ ನಮ್ಮಿಂದಲೋ ಹೇಳಲಾಗುವುದಿಲ್ಲ.

ಹೊಸ ದಾರಿಯ ಕಡೆ ಬಹುಪಾಲು ಸ್ಯಾಂಪಲ್‌ಗಳ ಫಲಿತಾಂಶ ಅದೇ ದಿನ ಸಿಗತೊಡಗಿತು, ಹಳೆಯ ಕಡೆ ಅದೇ ಕಾಯುವಿಕೆ. ಯಂತ್ರದ ಬೇಡಿಕೆಯ ಪತ್ರ ಫೈಲಿನಲ್ಲೇ ಉಳಿಯಿತು. ಕಫದ ಬದಲು ಬರೀ ಉಗುಳು ತುಂಬಿದ ಡಬ್ಬಿಗಳು ಮಾತ್ರ ಎರಡೂ ಕಡೆ ಅಷ್ಟೇ ಇದ್ದವು. ಅದು ವಾಹನದ ಸಮಸ್ಯೆಯಲ್ಲ, ಡಬ್ಬಿ ಕೊಡುವಾಗ ಎದೆಯಾಳದಿಂದ ಕೆಮ್ಮಿ ತೋರಿಸಬೇಕು.

ನನಗೆ ಹೆಚ್ಚು ಕಾಡಿದ್ದು ಕೊನೆಯ ಗೆರೆ. ಫಲಿತಾಂಶ ಬೇಗ ಬಂದರೂ ಮಾತ್ರೆ ಶುರುವಾಗುವ ದಿನ ಹೆಚ್ಚೇನೂ ಮುಂದೆ ಬರಲಿಲ್ಲ. ಬರೆದುಕೊಂಡ ಫೋನ್ ನಂಬರುಗಳಲ್ಲಿ ಎಷ್ಟೋ ಪಕ್ಕದ ಮನೆಯವರದ್ದು, ಅವರಿಗೆ ವಿಷಯ ಹೇಳುವಂತಿಲ್ಲ. ಈಗ ಡಬ್ಬಿ ಪಡೆಯುವಾಗಲೇ ಯಾರ ನಂಬರು, ಯಾವ ಹೊತ್ತಿಗೆ ಕರೆದರೆ ಸಿಗುತ್ತಾರೆ ಎಂದು ಕೇಳಿ ಬರೆಸುತ್ತಿದ್ದೇವೆ. ಅದನ್ನೂ ಸದ್ಯಕ್ಕೆ ಅರ್ಧ ಉಪಕೇಂದ್ರಗಳಲ್ಲಿ ಮಾತ್ರ.