ಎರೆಮಣ್ಣಿನ ರಾಸಾಯನಿಕ ವಿಶ್ಲೇಷಣೆ: ತೂಕದ ಲೆಕ್ಕ ತಪ್ಪದಂತೆ ಮಾಡುವ ಬಗೆ

ನವಲಗುಂದ, ನರಗುಂದದ ಎರೆಹೊಲಗಳ ಮಣ್ಣನ್ನು ವಿಶ್ಲೇಷಿಸುವವರು ಎಲ್ಲಕ್ಕಿಂತ ಮೊದಲು ನೀರಿನ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು. ಈ ಮಣ್ಣಿನಲ್ಲಿ ಹೇರಳವಾಗಿರುವ ಸ್ಮೆಕ್ಟೈಟ್ ಖನಿಜವು ತನ್ನ ಪದರಗಳ ನಡುವೆ ನೀರನ್ನು ಹಿಡಿದಿಡುವುದರಿಂದ, ಒಣಗಿದಂತೆ ಕಾಣುವ ಪುಡಿಯ ತೂಕವೂ ಮಳೆಗಾಲದಲ್ಲಿ ಒಂದು, ಬೇಸಿಗೆಯಲ್ಲಿ ಇನ್ನೊಂದು ಆಗಿರುತ್ತದೆ.

ಮಣ್ಣಿನಲ್ಲಿರುವ ಸುಣ್ಣದ ಹರಳುಗಳನ್ನು ಆರಿಸಿ, ಬೇರೆಯಾಗಿ ತೂಗಿ ಗುರುತು ಹಾಕಿಕೊಳ್ಳಿ. ಉಳಿದದ್ದನ್ನು ಅಗೇಟ್ ಕಲ್ಲಿನ ಖಲ್ಲಿನಲ್ಲಿ ನುಣ್ಣಗೆ ಅರೆಯಬೇಕು. ಕಬ್ಬಿಣದ ಕುಟ್ಟಾಣಿ ಬಳಸಿದರೆ ಅದರ ಕಬ್ಬಿಣವೂ ಫಲಿತಾಂಶದೊಳಗೆ ಸೇರುತ್ತದೆ. ಪುಡಿಯನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವ ತನಕ ಒಣಗಿಸಿ, ಡೆಸಿಕೇಟರಿನಲ್ಲಿ (ಒಳಗೆ ತೇವ ಹೀರುವ ವಸ್ತು ಇಟ್ಟ ಮುಚ್ಚಿದ ಪಾತ್ರೆಯಲ್ಲಿ) ತಣಿಸಿ, ಮುಚ್ಚಳವಿರುವ ಬಾಟಲಿಯಲ್ಲೇ ತೂಗಬೇಕು. ಬಳಿಕ ಒಂದು ಗ್ರಾಂ ಪುಡಿಯನ್ನು 1000 ಡಿಗ್ರಿಯಲ್ಲಿ ಕಾಸಿದಾಗ ಕಡಿಮೆಯಾಗುವ ತೂಕದಲ್ಲಿ ಖನಿಜದ ರಚನೆಯೊಳಗಿನ ನೀರು, ಸಾವಯವ ಪದಾರ್ಥ, ಸುಣ್ಣದಿಂದ ಹೊರಟ ಇಂಗಾಲದ ಡೈಆಕ್ಸೈಡ್ ಮೂರೂ ಸೇರಿರುತ್ತವೆ. ಹರಳುಗಳನ್ನು ಮೊದಲೇ ಬೇರ್ಪಡಿಸಿದ್ದು ಈ ಕಾರಣಕ್ಕೆ.

ಸಿಲಿಕಾ, ಅಂದರೆ ಸಿಲಿಕಾನ್ ಆಕ್ಸೈಡ್, ಎಷ್ಟಿದೆಯೆಂದು ಕಂಡುಹಿಡಿಯುವ ಹಂತಕ್ಕೆ ಹೆಚ್ಚು ತಾಳ್ಮೆ ಬೇಕು. ಒಣಗಿಸಿದ ಅರ್ಧ ಗ್ರಾಂ ಪುಡಿಗೆ ಐದಾರು ಪಟ್ಟು ಸೋಡಿಯಂ ಕಾರ್ಬೊನೇಟ್ ಬೆರೆಸಿ, ಪ್ಲಾಟಿನಂ ಮೂಸೆಯಲ್ಲಿ ಗುಳ್ಳೆ ನಿಂತು ತಿಳಿಯಾಗುವ ತನಕ ಕರಗಿಸಬೇಕು. ಆರಿದ ಗಟ್ಟಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಪೂರ್ತಿ ಇಂಗಿಸಿ, 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಮತ್ತೆ ಆಮ್ಲ ಹಾಕಿ ಸೋಸಿದರೆ ಸಿಲಿಕಾ ಕಾಗದದ ಮೇಲೆ ನಿಲ್ಲುತ್ತದೆ. ಸೋಸಿದ ದ್ರಾವಣವನ್ನು ಇನ್ನೊಮ್ಮೆ ಇಂಗಿಸದೆ ಬಿಡಬಾರದು, ಏಕೆಂದರೆ ಒಂದಿಷ್ಟು ಸಿಲಿಕಾ ಅದರಲ್ಲಿ ತಪ್ಪದೆ ಉಳಿದಿರುತ್ತದೆ. ಸುಟ್ಟು ತೂಗಿದ ಸಿಲಿಕಾಕ್ಕೆ ಕೆಲವು ಹನಿ ಗಂಧಕಾಮ್ಲ, ಜೊತೆಗೆ ಹೈಡ್ರೋಫ್ಲೋರಿಕ್ ಆಮ್ಲ ಹಾಕಿ ಕಾಸಿದಾಗ ಅದು ಆವಿಯಾಗಿ ಹೋಗುತ್ತದೆ. ಕಳೆದುಹೋದ ತೂಕವೇ ನಿಜವಾದ ಸಿಲಿಕಾ. ಹೈಡ್ರೋಫ್ಲೋರಿಕ್ ಆಮ್ಲವು ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ಅಪಾಯ ತರಬಲ್ಲದು. ಆದ್ದರಿಂದ ಹೊಗೆ ಹೀರುವ ಕಪಾಟು, ತಕ್ಕ ಕೈಗವಸು, ಈ ಆಮ್ಲ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಲ್ಲದ ಕಡೆ ಈ ಹಂತಕ್ಕೆ ಕೈ ಹಾಕಲೇಬೇಡಿ.

ಉಳಿದ ದ್ರಾವಣಕ್ಕೆ ಅಮೋನಿಯಾ ಸೇರಿಸಿದರೆ ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂಗಳ ಹೈಡ್ರಾಕ್ಸೈಡುಗಳು ಒಟ್ಟಾಗಿ ಗರಣೆಗಟ್ಟುತ್ತವೆ. ಅಮೋನಿಯಾ ಹೆಚ್ಚಾದರೆ ಅಲ್ಯೂಮಿನಾ ಮತ್ತೆ ಕರಗತೊಡಗುತ್ತದೆ. ಗರಣೆಯನ್ನು ಸುಟ್ಟು ತೂಗಿ, ಆ ಒಟ್ಟು ತೂಕದಿಂದ ಬೇರೆಯಾಗಿ ಅಳೆದ ಕಬ್ಬಿಣ, ಟೈಟಾನಿಯಂಗಳ ಆಕ್ಸೈಡುಗಳನ್ನು ಕಳೆದರೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸಿಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ ಇಡಿಟಿಎ ಟೈಟ್ರೇಶನ್ (ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಹಾಕಿ ಅಳೆಯುವುದು) ಸಾಕು. ಸೋಡಿಯಂ, ಪೊಟ್ಯಾಸಿಯಂಗಳಿಗೆ ಮಾತ್ರ ಹೊಸ ಮಾದರಿಯನ್ನು ಹೈಡ್ರೋಫ್ಲೋರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳಲ್ಲಿ ಕರಗಿಸಿ ಫ್ಲೇಮ್ ಫೋಟೋಮೀಟರಿನಲ್ಲಿ (ಜ್ವಾಲೆಯ ಬೆಳಕಿನಿಂದ ಲೋಹವನ್ನು ಅಳೆಯುವ ಉಪಕರಣದಲ್ಲಿ) ನೋಡಬೇಕು, ಮೊದಲಿನದಕ್ಕೆ ನಾವೇ ಸೋಡಿಯಂ ಬೆರೆಸಿದ್ದೇವಲ್ಲ.

ಎಲ್ಲ ಆಕ್ಸೈಡುಗಳನ್ನೂ ಕಾಸಿದಾಗಿನ ನಷ್ಟವನ್ನೂ ಕೂಡಿದರೆ ಮೊತ್ತ ಶೇಕಡಾ 99.5ರಿಂದ 100.5ರೊಳಗೆ ಬರಬೇಕು. ಕಡಿಮೆ ಬಂದರೆ, ಎರೆಮಣ್ಣಿನ ಮಟ್ಟಿಗೆ, ಮೊದಲು ಅನುಮಾನಿಸಬೇಕಾದದ್ದು ಒಣಗಿಸಿದ ಪುಡಿ ತೂಗುವ ಹೊತ್ತಿನಲ್ಲಿ ಮತ್ತೆ ಹೀರಿಕೊಂಡ ತೇವವನ್ನು.