ಗುದ್ದಲಿ ಹಿಡಿಯದೆ ಹಾಳೂರಿನ ನಕ್ಷೆ ತೆಗೆಯೋದು ಹೇಗೆ

ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಅಕ್ಕಲಕೋಟ ಕಡೆ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ನೋಡಿ, ಊರ ಹೊರಗಿನ ಹಾಳೂರಿನ ಸುದ್ದಿ ಬಂದೇ ಬರುತ್ತದೆ. ಸುತ್ತ ಕರಿ ಎರೆಮಣ್ಣು, ನಡುವೆ ಬೂದಿ ಬಣ್ಣದ ಬಿಳಿಮಣ್ಣಿನ ದಿಬ್ಬ. ಮರಾಠಿಯಲ್ಲಿ ಪಾಂಢರಿ ಅಂತಾರಲ್ಲ, ಅದೇ. ಒಲೆ ಬೂದಿ, ಸಗಣಿ, ಕುಸಿದ ಮಣ್ಣಿನ ಗೋಡೆ ಎಲ್ಲ ಸೇರಿ ಆದ ಮಣ್ಣದು. ಹಿಂದೆ ಮಾಳಿಗೆಗೆ ಹಾಕೋಕೆ ಗಾಡಿಯಲ್ಲಿ ಒಯ್ಯುತ್ತಿದ್ದರು, ಈಗ ಜೆಸಿಬಿ ಬಂದಿದೆ, ದಿಬ್ಬ ಸಪಾಟಾಗೋಕೆ ಜಾಸ್ತಿ ದಿನ ಬೇಕಿಲ್ಲ. ಅಷ್ಟರೊಳಗೆ ಒಳಗೇನಿದೆ ಅಂತ ಅಗೆಯದೆ ಗುರುತು ಮಾಡಿಡಬೇಕು.

ಯಂತ್ರ ಬಾಡಿಗೆಗೆ ತರುವ ಮೊದಲು ಜೋಳ ನೋಡಿ. ಹಿಂಗಾರಿ ಬಿಳಿಜೋಳ ಮಳೆ ಇಲ್ಲದೆ, ಮಣ್ಣಲ್ಲಿ ಉಳಿದ ಹಸಿಯಲ್ಲೇ ಬೆಳೆಯುತ್ತದೆ, ಅಲ್ವಾ? ಕೆಳಗೆ ಕಲ್ಲಿನ ಗೋಡೆ ಇದ್ದರೆ ಬೇರಿಗೆ ಹಸಿ ಸಿಗೋದಿಲ್ಲ, ಅಷ್ಟು ಸಾಲು ಗಿಡ್ಡಾಗಿ ಮೊದಲು ಒಣಗುತ್ತದೆ. ಮುಚ್ಚಿಹೋದ ಬಾವಿ, ಕಂದಕದ ಮೇಲೆ ಹಸಿರು ಜಾಸ್ತಿ ದಿನ ಉಳಿಯುತ್ತದೆ. ಎಳ್ಳಮಾಸಿಯಿಂದ (ಎಳ್ಳ ಅಮಾವಾಸ್ಯೆ) ಸೀತನಿ, ಅಂದ್ರೆ ಸುಟ್ಟ ಎಳೆ ಜೋಳದ ತೆನೆ, ತಿನ್ನೋ ಹೊತ್ತಿನವರೆಗೆ ಇದು ಚೆನ್ನಾಗಿ ಕಾಣುತ್ತದೆ, ಮಳೆ ಕಡಿಮೆ ಆದ ವರ್ಷ ಇನ್ನೂ ಚೆನ್ನಾಗಿ. ಎಳ್ಳಮಾಸಿಗೆ ಹೇಗೂ ಎಲ್ಲರೂ ಹೊಲದಲ್ಲೇ ಇರುತ್ತಾರೆ, ಚರಗ ಚೆಲ್ಲಿದ ಮೇಲೆ ಕೂತು ಮಾತಾಡಿಸಿ. ನಾನು ಹೋದ ಹೊಲದಲ್ಲಿ ಒಬ್ಬ ಮುತ್ಯಾ ಕೋಲಿನಿಂದ ತೋರಿಸಿದರು: "ಇಲ್ಲಿಂದ ಅಲ್ಲೀತನ ನೋಡಪಾ, ಪ್ರತಿ ವರ್ಷ ಇದೊಂದ ಸಾಲು ಮೊದ್ಲ ಒಣಗ್ತದ." ಬಗ್ಗಿ ನೋಡಿದರೆ ಎರಡು ಮೊಳ ಅಗಲದ ಹಳದಿ ಪಟ್ಟಿ, ಹಗ್ಗ ಹಿಡಿದಷ್ಟು ನೇರ, ಒಂದು ಕಡೆ ಸರಿಯಾಗಿ ಮೂಲೆ ತಿರುಗಿತ್ತು. ನೆಲ ತಾನಾಗಿ ಹಾಗೆ ಮೂಲೆ ತಿರುಗೋದಿಲ್ಲ.

ಆಮೇಲೆ ಮೇಲಿಂದ ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು ಜನವರಿ, ಫೆಬ್ರವರಿಯವನ್ನು ಹೋಲಿಸಿ. ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಉಜನಿ ಅಣೆಕಟ್ಟಿನ ಕಾಲುವೆ ನೀರು ಬಂದು ಕಬ್ಬಿಗಾಗಿ ಹೊಲ ಸಪಾಟು ಮಾಡುವ ಮೊದಲಿನ ನೆಲ ಅವುಗಳಲ್ಲಿದೆ. ಡ್ರೋನ್ ಹಾರಿಸೋದಾದರೆ ಮೊದಲು ಡಿಜಿಟಲ್ ಸ್ಕೈ ನಕ್ಷೆ, ಅಂದ್ರೆ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ನಕ್ಷೆ, ನೋಡಿಕೊಳ್ಳಿ.

ಇನ್ನು ಯಂತ್ರ. ಇಟಲಿಯ ಫಲೇರಿ ನೋವಿ ಅನ್ನೋ ರೋಮನ್ ಊರನ್ನು ನೆಲ ಭೇದಿಸೋ ರೇಡಾರ್‌ನಿಂದಲೇ ಪೂರ್ತಿ ನಕ್ಷೆ ಮಾಡಿದರು. 30 ಹೆಕ್ಟೇರಿಗೂ ಜಾಸ್ತಿ ಜಾಗ, ಗುಡಿ, ಸ್ನಾನಗೃಹ, ನೀರಿನ ಕೊಳವೆ ಎಲ್ಲ ಕಂಡವು, 2020ರಲ್ಲಿ ಪ್ರಕಟವಾಯಿತು. ಅದನ್ನು ಓದಿ ಇಲ್ಲಿಗೂ ರೇಡಾರ್ ತರೋಣ ಅನ್ನಿಸುತ್ತದೆ, ಆದರೆ ನಮ್ಮ ಎರೆಮಣ್ಣಲ್ಲಿ ಜಿಗುಟು ಮಣ್ಣಿನ ಅಂಶ ಬಹಳ, ಹಸಿ ಇದ್ದರೆ ರೇಡಾರ್ ಅಲೆಗಳನ್ನು ಅದೇ ನುಂಗಿಬಿಡುತ್ತದೆ, ಒಂದು ಮೀಟರ್ ದಾಟೋದೂ ಕಷ್ಟ. ದಿಬ್ಬದ ಬಿಳಿಮಣ್ಣಲ್ಲಿ ಸ್ವಲ್ಪ ವಾಸಿ. ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರ್‌ಗೂ ಇಲ್ಲಿ ತೊಡಕಿದೆ. ಸುಟ್ಟ ಇಟ್ಟಿಗೆ, ಒಲೆ, ಕುಂಬಾರರ ಆವಿಗೆ ಕಾಯ್ದು ಆರುವಾಗ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ, ಯಂತ್ರ ಅದನ್ನೇ ಹುಡುಕೋದು. ಆದರೆ ನಮ್ಮ ಕರಿಕಲ್ಲು ಲಾವಾದಿಂದ ಆದದ್ದು, ಅದರದೇ ಕಾಂತ ಇದೆ. ಬಂಡೆ ನೆಲದ ಮೇಲ್ಮೈಗೆ ಹತ್ತಿರವೇ ಇರೋ ಕಡೆ ಇಟ್ಟಿಗೆಯ ಸಣ್ಣ ಗುರುತು ಅದರಲ್ಲಿ ಮುಳುಗಿಹೋಗುತ್ತದೆ. ದಪ್ಪ ಮಣ್ಣಿರೋ ನದಿ ದಂಡೆಯಲ್ಲಿ ಮಾತ್ರ ಬಳಸಿ, ಮೊಬೈಲು, ಬೆಲ್ಟು, ಕೀಲಿ ಕೈ ಎಲ್ಲ ದೂರ ಇಟ್ಟು ನಡೆಯಿರಿ, ಬೋರ್‌ವೆಲ್ ಕೇಸಿಂಗ್ ಎಲ್ಲಿದೆ ಅಂತ ಮೊದಲೇ ಬರೆದುಕೊಳ್ಳಿ.

ಅದಕ್ಕೇ ನಾನು ಇಲ್ಲಿ ಮೊದಲ ಜಾಗ ಕೊಡೋದು ವಿದ್ಯುತ್ ಪ್ರತಿರೋಧ ಅಳೆಯೋ ಯಂತ್ರಕ್ಕೆ. 20 ಮೀಟರ್ ಚೌಕಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ, ಮೀಟರಿಗೊಂದು ಸಲ ಅಳೆದರೆ ಚೌಕಕ್ಕೆ 400 ಅಂಕಿ ಸಿಗುತ್ತವೆ. ಯಂತ್ರಕ್ಕೆ ನಾಲ್ಕು ಸಲಾಕೆ, ಅವುಗಳಿಂದ ನೆಲದೊಳಗೆ ವಿದ್ಯುತ್ ಹಾಯಿಸಿ ಅಳೆಯೋದು. ಅಳೆಯುತ್ತ ಮುಂದೆ ಸರಿಸೋ ಎರಡು ಸಲಾಕೆಗಳ ನಡುವೆ ಅರ್ಧ ಮೀಟರ್ ಇರಲಿ, ಉಳಿದೆರಡನ್ನು ಚೌಕದಿಂದ ಕನಿಷ್ಠ 15 ಮೀಟರ್ ದೂರ ಊರಿಬಿಡಿ. ಕಲ್ಲಿನ ಗೋಡೆ ಮೇಲೆ ಅಂಕಿ ಏರುತ್ತದೆ, ಹಸಿ ಹಿಡಿದ ಕಂದಕದ ಮೇಲೆ ಇಳಿಯುತ್ತದೆ. ನಾನು ಒಮ್ಮೆ ಏಪ್ರಿಲ್‌ನಲ್ಲಿ ಮಾಡಿ ಎರಡು ದಿನದ ಕೆಲಸ ಕಳಕೊಂಡೆ. ಎರೆ ಬಿರುಕು ಬಿಟ್ಟಿತ್ತು, ಸಲಾಕೆ ಮಣ್ಣಿಗೆ ಸರಿಯಾಗಿ ತಾಗಲೇ ಇಲ್ಲ. ರಾಶಿ ಮುಗಿದ ತಕ್ಷಣ, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಡಿ. ಅಂಕಿಗಳನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡೋ ತಂತ್ರಾಂಶಕ್ಕೆ ಹಾಕಿ ಜೋಳದ ಚಿತ್ರದ ಮೇಲೆ ಕೂರಿಸಿ. ಎರಡರಲ್ಲೂ ಒಂದೇ ಗೆರೆ ಬಂದರೆ ಮಾತ್ರ ಗೋಡೆ ಅಂತ ಬರೆಯಿರಿ.

ಹೊಲದವರಿಗೆ ಎಲ್ಲ ಬಿಡಿಸಿ ಹೇಳಿ, ಯಾಕಂದ್ರೆ ಯಂತ್ರ ಕಂಡರೆ ನಿಧಿ ಹುಡುಕೋರು ಬಂದರು ಅಂತ ಸುದ್ದಿ ಹಬ್ಬುತ್ತದೆ. ಗಡಿಗೆ ಚೂರು ಕಂಡರೆ ಬಿದ್ದಲ್ಲೇ ಬಿಟ್ಟು ಫೋಟೋ ತೆಗೆಯಿರಿ, ಆದರೆ ಜಾಗದ ಗುರುತು ಮಾತ್ರ ಫೇಸ್‌ಬುಕ್ಕಿಗೆ ಹಾಕಬೇಡಿ, ರಾತ್ರಿ ಅಗೆಯೋರಿಗೆ ಅದೇ ದಾರಿ ತೋರಿಸುತ್ತದೆ. ನಕ್ಷೆಯ ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ, ಇನ್ನೊಂದು ಹೊಲದವರಿಗೆ ಕೊಡಿ. ಆ ಮುತ್ಯಾ ತಮ್ಮ ಪ್ರತಿಯನ್ನು ಸಾತ್ ಬಾರಾ ಉತಾರೆ (ಹೊಲದ ದಾಖಲೆ) ಇಡೋ ಚೀಲದಲ್ಲೇ ಮಡಚಿ ಇಟ್ಟುಕೊಂಡಿದ್ದಾರೆ.